ಕೈಗೆ ಸಿಗದ ಕೋರ್: ಸಂಡೂರು ಭಾಗದ ಅದಿರು ಗಣಿಯೊಂದರಲ್ಲಿ ನಡೆದ ವಿದ್ಯಾರ್ಥಿ ತರಬೇತಿಯ ಪ್ರಕರಣ ಅಧ್ಯಯನ

ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಯೊಂದರಲ್ಲಿ ಎಂಟು ವಾರಗಳ ಇಂಟರ್ನ್‌ಶಿಪ್ ಮುಗಿಸಿದ ಭೂವಿಜ್ಞಾನ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳ ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ. ವಿಭಾಗದಲ್ಲಿ ತರಬೇತಿಯ ಹೊಣೆ ಹೊತ್ತ ಅಧ್ಯಾಪಕನಾಗಿ ಇದನ್ನು ಮೊದಲಿನಿಂದ ಕೊನೆಯವರೆಗೆ ಹತ್ತಿರದಿಂದ ಕಂಡಿದ್ದೇನೆ. ವಿದ್ಯಾರ್ಥಿನಿ, ಗಣಿ ಮತ್ತು ವಿಶ್ವವಿದ್ಯಾಲಯದ ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹಿಡಿಯಲು ಆಸ್ಪದ ಕೊಡುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಿದ್ಯಾರ್ಥಿನಿಯೂ ಗಣಿಯ ಭೂವಿಜ್ಞಾನಿಯೂ ಕರಡನ್ನು ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಹೊರಗೆ ತರಲಾಗಿದೆ.

ಹಿನ್ನೆಲೆ

ಸಂಡೂರು ಶಿಸ್ಟ್ ಪಟ್ಟಿ (ರೂಪಾಂತರಗೊಂಡ ಹಳೆಯ ಶಿಲೆಗಳ ಉದ್ದನೆಯ ಸಾಲು) ಸುಮಾರು 270 ಕೋಟಿ ವರ್ಷ ಹಳೆಯದು. ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕಬ್ಬಿಣ ಮತ್ತು ಸಿಲಿಕಾ ಕಾಲಾಂತರದಲ್ಲಿ ಪಟ್ಟೆಪಟ್ಟೆಯ ಕಲ್ಲಾಯಿತು. ಆ ಕಲ್ಲಿನೊಳಗಿನ ಸಿಲಿಕಾ ನೀರಿಗೆ ಕರಗಿ ಹೋದ ಕಡೆಗಳಲ್ಲಿ ಹೆಮಟೈಟ್ ಅದಿರು ಉಳಿಯಿತು. ಒಂದೇ ಗುಡ್ಡದಲ್ಲಿ ಸುತ್ತಿಗೆಗೂ ಜಗ್ಗದ ಗಟ್ಟಿ ಅದಿರು, ಹಾಳೆಹಾಳೆಯಾಗಿ ಬಿಡಿಸಿಕೊಳ್ಳುವ ಪದರದ ಅದಿರು, ಬೆರಳ ಸಂದಿಯಿಂದ ಜಾರುವ, ಬ್ಲೂ ಡಸ್ಟ್ ಎಂಬ ಪುಡಿ ಅದಿರು ಎಲ್ಲವೂ ಸಿಗುತ್ತವೆ. ಇವುಗಳ ನಡುವೆ ಶೇಲ್ ಎಂಬ ಮೆದು ಕಲ್ಲಿನ ಪದರಗಳು ಕೊಳೆತು ಜೇಡಿಯಾಗಿ ಕೂತಿರುತ್ತವೆ. ಈ ಪ್ರಕರಣದ ಮುಖ್ಯ ಎಳೆ ಆ ಜೇಡಿ.

ವಿದ್ಯಾರ್ಥಿನಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಸೇರಿದ ಭತ್ತದ ಊರಿನವಳು. ಮನೆಯಲ್ಲಿ ಮೊದಲ ಪದವೀಧರೆ. ಮೂರನೆಯ ಸೆಮಿಸ್ಟರ್ ಮುಗಿದಾಗ ಆಕೆಯ ಮುಂದೆ ಮೂರು ಆಯ್ಕೆಗಳಿದ್ದವು. ಮೊದಲನೆಯದು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ಅರ್ಜಿ ಹಾಕಿ ನೋಡುವುದು. ಎರಡನೆಯದು ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಅಂತರ್ಜಲದ ಫ್ಲೋರೈಡ್ ಸಮೀಕ್ಷೆ. ಗ್ರಾನೈಟ್ ನೆಲದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವುದು ಅಲ್ಲಿನ ಹಳೆಯ ತೊಂದರೆ, ಹಾಗಾಗಿ ಕೆಲಸಕ್ಕೆ ಬೆಲೆಯೂ ಇತ್ತು. ಮೂರನೆಯದು ಸಂಡೂರು ಭಾಗದ ಈ ಗಣಿ.

ಹಟ್ಟಿಯ ವಿಚಾರದಲ್ಲಿ ಮನೆಯವರ ಮೊದಲ ಪ್ರಶ್ನೆ, ಹೆಣ್ಣುಮಗಳು ಭೂಮಿಯೊಳಗೆ ಇಳಿಯಲು ಕಾನೂನು ಬಿಡುತ್ತದೆಯೇ ಎಂಬುದಾಗಿತ್ತು. 1952ರ ಗಣಿ ಕಾಯ್ದೆ ಮಹಿಳೆಯರನ್ನು ನೆಲದಡಿಯ ಕೆಲಸದಿಂದ ದೂರ ಇಟ್ಟಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆ ಮತ್ತು ಆಡಳಿತದ ಕೆಲಸಗಳಿಗೆ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು. ಇದನ್ನು ತಂದೆಗೆ ವಿವರಿಸಿದ ಮೇಲೂ ಆಯ್ಕೆಯನ್ನು ನಿರ್ಧರಿಸಿದ್ದು ಕಾನೂನಲ್ಲ, ವಸತಿ. ಸಂಡೂರಿನಲ್ಲಿ ಆಕೆಯ ಸೋದರಮಾವನ ಮನೆ ಇತ್ತು. ಗಣಿಯವರು ಭತ್ಯೆ ಕೊಡುವುದಿಲ್ಲ ಎಂದು ಮೊದಲೇ ತಿಳಿಸಿದ್ದರಿಂದ ಬಾಡಿಗೆ ಕೋಣೆಯ ಮಾತೇ ಬರಲಿಲ್ಲ. ನಮ್ಮ ಭಾಗದ ವಿದ್ಯಾರ್ಥಿಗಳು, ಅದರಲ್ಲೂ ವಿದ್ಯಾರ್ಥಿನಿಯರು, ಯಾವ ಶಿಲೆಯ ಮೇಲೆ ಕೆಲಸ ಮಾಡುತ್ತಾರೆ ಎಂಬುದು ಬಹಳಷ್ಟು ಸಲ ಯಾವ ಊರಿನಲ್ಲಿ ನೆಂಟರಿದ್ದಾರೆ ಎಂಬುದರಿಂದಲೇ ತೀರ್ಮಾನವಾಗುತ್ತದೆ. ತರಬೇತಿಯನ್ನು ಕಡ್ಡಾಯ ಮಾಡುವ ಪಠ್ಯಕ್ರಮಗಳು ಈ ಸಂಗತಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಸಮಸ್ಯೆ

ಮೊದಲ ದಿನ ಸುರಕ್ಷತೆಯ ಪಾಠ ಹೇಳಿ, ಹೆಲ್ಮೆಟ್ಟು, ಬೂಟು, ಹೊಳೆಯುವ ಜಾಕೀಟು ಕೊಟ್ಟರು. ಎರಡನೆಯ ದಿನದಿಂದ ಆಕೆಯನ್ನು ಕಚೇರಿಯಲ್ಲಿ ಕೂರಿಸಿ, ಲಾರಿಗಳ ಪರ್ಮಿಟ್ ಮತ್ತು ವೇ ಬ್ರಿಡ್ಜ್ ಚೀಟಿಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಒಪ್ಪಿಸಿದರು. ಎರಡು ವಾರ ಹೀಗೆಯೇ ಕಳೆಯಿತು. ಅಷ್ಟರಲ್ಲಿ ಪಿಟ್ (ಅದಿರು ಅಗೆಯುವ ತೆರೆದ ಗುಂಡಿ) ಒಳಗೆ ಆಕೆ ಹೋಗಿದ್ದು ಒಮ್ಮೆ ಮಾತ್ರ, ಅದೂ ಜೀಪಿನೊಳಗೆ ಕೂತು.

ಗಣಿಯವರ ಕಡೆಯಿಂದ ನೋಡಿದರೆ ಇದಕ್ಕೆ ಕಾರಣಗಳಿದ್ದವು. ಸ್ಫೋಟ, ಡಂಪರ್ ಓಡಾಟ, ಬೆಂಚಿನ (ಗಣಿಯಲ್ಲಿ ಕಡಿದ ಮೆಟ್ಟಿಲಿನಂಥ ಹಂತ) ಅಂಚು ಇವೆಲ್ಲದರ ನಡುವೆ ತರಬೇತಿಯ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡುವಂತಿಲ್ಲ. ಜೊತೆಗೆ ಕಳಿಸಲು ಬಿಡುವಿದ್ದ ಮೇಟ್ (ಕೆಲಸದ ಮೇಲ್ವಿಚಾರಕ) ಸಿಗುತ್ತಿರಲಿಲ್ಲ. ಗಣಿಯ ಭೂವಿಜ್ಞಾನಿ ಒಬ್ಬರೇ, ಅವರ ಮೇಲೆ ಯೋಜನೆ, ಮಾದರಿ ಸಂಗ್ರಹ, ಇಲಾಖೆಗೆ ಕಳಿಸುವ ವರದಿ ಮೂರೂ ಬಿದ್ದಿದ್ದವು. ವಿಭಾಗದಿಂದ ಹೋದ ಪತ್ರದಲ್ಲಿ 'ತರಬೇತಿಗೆ ಅವಕಾಶ ಮಾಡಿಕೊಡಬೇಕಾಗಿ ವಿನಂತಿ' ಎಂದಿತ್ತೇ ಹೊರತು ವಿದ್ಯಾರ್ಥಿನಿ ಏನು ಮಾಡಬೇಕು, ಏನು ಕಲಿಯಬೇಕು ಎಂದು ಬರೆದಿರಲಿಲ್ಲ. ಜಿಲ್ಲೆಯಲ್ಲಿ ಹೀಗೆ ಬರೆಯುವುದೇ ವಾಡಿಕೆ. ಕೆಲಸ ಹೇಳದೆ ಕಳಿಸಿದ ವಿದ್ಯಾರ್ಥಿಗೆ ಕಚೇರಿ ತನಗೆ ಬೇಕಾದ ಕೆಲಸ ಹಚ್ಚುತ್ತದೆ.

ಮೂರನೆಯ ವಾರದ ಆರಂಭದಲ್ಲಿ ಆಕೆ ಫೋನ್ ಮಾಡಿದಾಗ ಮೂರು ದಾರಿಗಳ ಬಗ್ಗೆ ಮಾತಾಡಿದೆವು. ತರಬೇತಿ ಬಿಟ್ಟು ಕೊಪ್ಪಳದ ಫ್ಲೋರೈಡ್ ಕೆಲಸಕ್ಕೆ ಸೇರಬಹುದು, ಆದರೆ ಅಷ್ಟರಲ್ಲಿ ಆ ತಂಡ ಹೊರಟಾಗಿತ್ತು. ವಿಭಾಗದ ಮುಖ್ಯಸ್ಥರಿಂದ ಗಣಿಯ ಆಡಳಿತಕ್ಕೆ ದೂರಿನ ಧಾಟಿಯ ಪತ್ರ ಬರೆಸಬಹುದು, ಆದರೆ ಮುಂದಿನ ವರ್ಷ ಆ ಬಾಗಿಲು ಮುಚ್ಚುವ ಸಂಭವವಿತ್ತು. ಮೂರನೆಯದು, ಕಚೇರಿಯಲ್ಲೇ ಇದ್ದುಕೊಂಡು ಭೂವಿಜ್ಞಾನದ ಪ್ರಶ್ನೆಯೊಂದನ್ನು ಹುಡುಕಿ, ಆ ಪ್ರಶ್ನೆಯ ಬಲದಿಂದ ಪಿಟ್‌ಗೆ ಹೋಗಲು ಅನುಮತಿ ಕೇಳುವುದು. ಆಕೆ ಮೂರನೆಯದನ್ನು ಆರಿಸಿಕೊಂಡಳು. ಪ್ರಕರಣದ ಮೊದಲ ತಿರುವು ಇದು.

ಪ್ರಶ್ನೆ ಸಿಕ್ಕ ಬಗೆ

ಕಚೇರಿಯ ಬೀರುವಿನಲ್ಲಿ ಹಳೆಯ ಕೊರೆತದ ವಿವರ ಬರೆದಿಟ್ಟ ಲಾಗ್ ಪುಸ್ತಕಗಳಿದ್ದವು. ಕೊರೆದು ಹೊರತೆಗೆದ ಕೋಲಿನಂಥ ಕಲ್ಲಿಗೆ ಕೋರ್ ಎನ್ನುತ್ತಾರೆ, ಒಂದು ಸಲಕ್ಕೆ ಕೊರೆಯುವ ಉದ್ದಕ್ಕೆ ರನ್. ಲೆಕ್ಕದ ಕೆಲಸ ಮಧ್ಯಾಹ್ನದೊಳಗೆ ಮುಗಿಸಿ, ಉಳಿದ ಹೊತ್ತಿನಲ್ಲಿ ಅವುಗಳನ್ನು ಓದಲು ಭೂವಿಜ್ಞಾನಿಯ ಒಪ್ಪಿಗೆ ಪಡೆದಳು. ಪ್ರತಿ ರನ್‌ಗೂ ಆಳ, ಕೈಗೆ ಬಂದ ಕೋರಿನ ಉದ್ದ, ಶಿಲೆಯ ವಿವರಣೆ, ಕಬ್ಬಿಣ, ಸಿಲಿಕಾ, ಅಲ್ಯೂಮಿನಾ (ಜೇಡಿಯಲ್ಲಿ ಹೆಚ್ಚಿರುವ ಅಲ್ಯೂಮಿನಿಯಂ ಆಕ್ಸೈಡ್) ಪ್ರಮಾಣ ಎಂದು ಸಾಲುಗಳಿದ್ದವು. ಕೆಲವು ರನ್‌ಗಳಲ್ಲಿ ಒಂದೂವರೆ ಮೀಟರ್ ಕೊರೆದರೂ ಕೋರ್ ಬಂದದ್ದು ಮೀಟರಿಗಿಂತ ಕಡಿಮೆ. ಅಂಥ ಕಡೆ ಶಿಲೆಯ ವಿವರಣೆಯಲ್ಲಿ ಬಂದಷ್ಟು ತುಂಡಿನ ಬಗ್ಗೆ ಮಾತ್ರ ಬರೆದಿದ್ದರು, ಬಾರದೇ ಹೋದ ಭಾಗದ ಬಗ್ಗೆ ಒಂದು ಪದವೂ ಇರಲಿಲ್ಲ.

ಇದೇ ಸಮಯಕ್ಕೆ ಭೂವಿಜ್ಞಾನಿ ಮಾತಿನ ನಡುವೆ ತಮ್ಮ ತಲೆನೋವೊಂದನ್ನು ಹೇಳಿಕೊಂಡರು. ಒಂದು ಬೆಂಚಿನಿಂದ ಬರುವ ಅದಿರಿನಲ್ಲಿ ಅಲ್ಯೂಮಿನಾ, ಕೊರೆತದ ಆಧಾರದ ಮೇಲೆ ಹಾಕಿದ ಅಂದಾಜಿಗಿಂತ ಪ್ರತಿ ತಿಂಗಳೂ ಜಾಸ್ತಿ ಬರುತ್ತಿತ್ತು. ಇದು ಸಣ್ಣ ವಿಷಯವಲ್ಲ. ಅಲ್ಯೂಮಿನಾ ಏರಿದರೆ ಊದು ಕುಲುಮೆಯ ಕಿಟ್ಟ ಮಂದವಾಗುತ್ತದೆ, ಕೋಕ್ ಹೆಚ್ಚು ಬೇಕಾಗುತ್ತದೆ. ಅದಕ್ಕೇ ಉಕ್ಕಿನ ಕಾರ್ಖಾನೆಯವರು ಕಬ್ಬಿಣದ ಅಂಶದ ಜೊತೆ ಇದನ್ನೂ ನೋಡಿಯೇ ಬೆಲೆ ಕಟ್ಟುತ್ತಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದ ಬಳಿಕ ಅದಿರು ಮಾರಾಟ ಇ-ಹರಾಜಿನ ಮೂಲಕ ನಡೆಯತೊಡಗಿತು, 2022ರ ಮೇ ತಿಂಗಳಲ್ಲಿ ನೇರ ಮಾರಾಟಕ್ಕೂ ಅನುಮತಿ ಸಿಕ್ಕಿತು. ಮಾರಾಟ ಯಾವ ದಾರಿಯಲ್ಲಿ ನಡೆದರೂ, ರಾಶಿಯ ವಿಶ್ಲೇಷಣೆ ಹೇಳಿದ್ದಕ್ಕಿಂತ ಬೇರೆಯಾದರೆ ಗಣಿಗೆ ಪೆಟ್ಟು.

ಗಣಿಯಲ್ಲಿ ಎಲ್ಲರೂ ಒಪ್ಪಿದ್ದ ವಿವರಣೆ ಒಂದಿತ್ತು: ಎಕ್ಸ್‌ಕವೇಟರ್ ತುಂಬುವಾಗ ಪಕ್ಕದ ಜೇಡಿಯನ್ನೂ ಬಾಚಿಕೊಳ್ಳುತ್ತದೆ. ವಿದ್ಯಾರ್ಥಿನಿ ಎರಡನೆಯ ಸಾಧ್ಯತೆಯನ್ನು ಮುಂದಿಟ್ಟಳು: ಕೊರೆಯುವಾಗ ಬಳಸುವ ನೀರು ಮೆತ್ತನೆಯ ಜೇಡಿಯನ್ನು ತೊಳೆದು ಒಯ್ದಿರಬಹುದು, ಪೆಟ್ಟಿಗೆಗೆ ಬಂದದ್ದು ಗಟ್ಟಿ ಅದಿರು ಮಾತ್ರವಾಗಿರಬಹುದು; ಹಾಗಿದ್ದರೆ ತಪ್ಪು ತುಂಬುವಲ್ಲಿ ಇಲ್ಲ, ಅಂದಾಜಿನಲ್ಲೇ ಇದೆ. ಎರಡನ್ನೂ ಬೇರ್ಪಡಿಸುವ ಪರೀಕ್ಷೆಯನ್ನೂ ಆಕೆಯೇ ಸೂಚಿಸಿದಳು. ಬ್ಲಾಸ್ಟ್ ಹೋಲ್ (ಸ್ಫೋಟಕ ತುಂಬುವ ರಂಧ್ರ) ಕೊರೆದಾಗ ಬಾಯಿಯ ಸುತ್ತ ಬೀಳುವ ಪುಡಿಯ ಮಾದರಿ, ಅದಿರು ತುಂಬುವ ಮುಂಚಿನದು. ಅದರಲ್ಲೂ ಅಲ್ಯೂಮಿನಾ ಹೆಚ್ಚಿದ್ದರೆ ಎಕ್ಸ್‌ಕವೇಟರನ್ನು ದೂರುವಂತಿಲ್ಲ.

ಇದನ್ನು ಒಂದು ಪುಟದಲ್ಲಿ ಬರೆದು, ಯಾವ ಬೆಂಚು, ಎಷ್ಟು ದಿನ, ಯಾರ ಜೊತೆ, ಯಾವ ದತ್ತಾಂಶ ಎಂದು ಸ್ಪಷ್ಟಪಡಿಸಿ, ವಿಭಾಗದ ಸಹಿಯೊಂದಿಗೆ ಗಣಿ ವ್ಯವಸ್ಥಾಪಕರಿಗೆ ಕೊಟ್ಟೆವು. ಅನುಮತಿ ಎರಡೇ ದಿನದಲ್ಲಿ ಬಂತು, ಏಕೆಂದರೆ ಈ ಪ್ರಶ್ನೆ ಅವರದ್ದೂ ಆಗಿತ್ತು.

ಪಿಟ್‌ನಲ್ಲಿ ನಡೆದ ಕೆಲಸ

ಹಳೆಯ ಕೊರೆತದ ಮೇಲಿನ ಭಾಗದ ಮಟ್ಟಕ್ಕೆ ಈಗ ಬೆಂಚು ಇಳಿದಿತ್ತು. ಆದ್ದರಿಂದ ಹಿಂದೆ ಕೋರ್ ಕಳೆದುಹೋದ ಆಳದಲ್ಲಿ ಏನಿತ್ತೆಂಬುದನ್ನು ಕೊರೆತದ ಜಾಗಕ್ಕೆ ಹತ್ತಿರದ ಮುಖದಲ್ಲಿ (ಬೆಂಚಿನ ಕಡಿದ ಗೋಡೆಯಲ್ಲಿ) ಕಣ್ಣಾರೆ ನೋಡಲು ಸಾಧ್ಯವಿತ್ತು. ಬೆಳಗಿನ ಪಾಳಿಯಲ್ಲಿ, ಸ್ಫೋಟದ ವೇಳೆಗೆ ಮೊದಲೇ, ಮೇಟ್ ಒಬ್ಬರ ಜೊತೆ, ಸಡಿಲ ಕಲ್ಲುಗಳನ್ನು ಕೆಡವಿ ತಪಾಸಣೆ ಮಾಡಿದ ಮುಖದ ಮುಂದೆ ಮಾತ್ರ ಆಕೆ ಟೇಪು ಹಿಡಿದು ನಿಂತಳು.

ಒಂದು ಮುಖದ ಟಿಪ್ಪಣಿಯನ್ನು ಇಲ್ಲಿ ವಿವರವಾಗಿ ಹೇಳಬೇಕು. ಮೇಲಿನಿಂದ ಉಕ್ಕಿನ ಬಣ್ಣದ ಪದರದ ಅದಿರು, ಅದರ ಕೆಳಗೆ ಒಂದು ಗೇಣಿನಷ್ಟು ಕಂದು ಬಣ್ಣದ ಪಟ್ಟಿ, ಮತ್ತೆ ಅದಿರು, ಅದರೊಳಗೆ ಬೆರಳಗಲದ ಬಿಳಿ-ನಸುಗೆಂಪು ಎಳೆಗಳು. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಉಕ್ಕಿನ ಬಣ್ಣದ ಅದಿರು ಕೆಂಪು ಗೆರೆ ಬಿಟ್ಟಿತು, ಅದು ಹೆಮಟೈಟ್. ಕಂದು ಪಟ್ಟಿ ಹಳದಿ ಮಿಶ್ರಿತ ಕಂದು ಗೆರೆ ಬಿಟ್ಟಿತು, ಅದು ಗೋಥೈಟ್. ಬಿಳಿ ಎಳೆಯ ಚೂರನ್ನು ನಾಲಿಗೆಯ ತುದಿಗೆ ತಾಗಿಸಿದರೆ ಅಂಟಿಕೊಂಡಿತು. ಕಯೋಲಿನೈಟ್ ಜೇಡಿಯ ಗುಣ ಅದು. ಶುದ್ಧ ಹೆಮಟೈಟ್‌ನಲ್ಲಿ ಕಬ್ಬಿಣ ಶೇಕಡಾ 69.9ರಷ್ಟು, ಗೋಥೈಟ್‌ನಲ್ಲಿ 62.9ರಷ್ಟು, ಕಯೋಲಿನೈಟ್‌ನಲ್ಲಿ ಕಬ್ಬಿಣವೇ ಇಲ್ಲ, ಅಲ್ಯೂಮಿನಾ ಶೇಕಡಾ 39.5ರಷ್ಟಿದೆ. ಲಾಗ್ ಪುಸ್ತಕದಲ್ಲಿ ಇದೇ ಮಟ್ಟದ ರನ್‌ಗೆ 'ಪದರದ ಹೆಮಟೈಟ್' ಎಂದಷ್ಟೇ ಬರೆದಿತ್ತು.

ಆದರೂ ಒಂದು ಅನುಮಾನ ಉಳಿದಿತ್ತು. ನೀರಿಗೆ ತೊಳೆದುಹೋಗುವುದು ಜೇಡಿ ಒಂದೇ ಅಲ್ಲ, ಬ್ಲೂ ಡಸ್ಟ್ ಕೂಡ ಹೋಗುತ್ತದೆ. ಅದು ಹೋದರೆ ಅಂದಾಜು ತಪ್ಪುವುದು ವಿರುದ್ಧ ದಿಕ್ಕಿಗೆ, ಅಂದರೆ ಒಳ್ಳೆಯ ಅದಿರೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಈ ಗಂಟನ್ನು ಬಿಡಿಸಲು ನೆರವಾದವರು ಪಕ್ಕದ ಬ್ಲಾಕಿನಲ್ಲಿ ಕೊರೆಯುತ್ತಿದ್ದ ರಿಗ್‌ನ ಹಿರಿಯ ಸಹಾಯಕರು. "ನೀರಿನ ಬಣ್ಣ ನೋಡ್ರಿ ಮೇಡಮ್ಮೋರೆ. ಕಪ್ಪಗ ಹೊಳಪು ಹೊಳಪು ಬಂತಂದ್ರ ಡಸ್ಟ್ ಹೊಂಟೈತಿ. ಹಳದಿ, ಇಲ್ಲಾ ಹಾಲಿನಂಗ ಬಂತಂದ್ರ ಜೇಡಿ ತೊಳಕೊಂಡು ಹೋಗಾಕತ್ತೈತಿ ಅಂತ ತಿಳೀರಿ" ಎಂದು ಅವರು ಹೇಳಿದರು. ಕೊರೆತದ ಹೊತ್ತಿನಲ್ಲಿ ಮರಳಿ ಮೇಲೆ ಬರುವ ನೀರನ್ನು ದಿನವಿಡೀ ನೋಡುವವರು ಅವರು. ಅವರಿಗೆ ಗೊತ್ತಿದ್ದ ಈ ಸಂಗತಿ ಯಾವ ಪುಸ್ತಕದ ಯಾವ ಸಾಲಿನಲ್ಲೂ ದಾಖಲಾಗುತ್ತಿರಲಿಲ್ಲ, ಏಕೆಂದರೆ ಅದನ್ನು ಬರೆಯಲು ಕಾಲಂ ಇರಲಿಲ್ಲ. ಅಂದಿನಿಂದ ವಿದ್ಯಾರ್ಥಿನಿ ಆ ರಿಗ್‌ನ ಪ್ರತಿ ರನ್‌ಗೂ ನೀರಿನ ಬಣ್ಣ ಗುರುತು ಹಾಕಿಕೊಂಡು, ಬಕೆಟ್ಟಿನಲ್ಲಿ ಕೆಸರು ಹಿಡಿದು ಒಣಗಿಸಿ ಪ್ರಯೋಗಾಲಯಕ್ಕೆ ಕೊಡತೊಡಗಿದಳು. ನನ್ನ ಮಟ್ಟಿಗೆ ಇಡೀ ಎಂಟು ವಾರಗಳಲ್ಲಿ ಅತ್ಯಂತ ಬೆಲೆಯುಳ್ಳ ಕಲಿಕೆ ಇದೇ.

ಲೆಕ್ಕದ ತಿದ್ದುಪಡಿ

ಆರನೆಯ ವಾರ ಆಕೆ ಮೊದಲ ಲೆಕ್ಕ ಕಳಿಸಿದಳು. ವಿಧಾನ ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ಸಾಕು. ಒಂದು ರನ್‌ನಲ್ಲಿ ಶೇಕಡಾ 60ರಷ್ಟು ಕೋರ್ ಬಂದಿದೆ, ಅದರಲ್ಲಿ ಅಲ್ಯೂಮಿನಾ ಶೇಕಡಾ 2 ಇದೆ ಎನ್ನೋಣ. ಬಾರದ 40 ಭಾಗ ಶೇಕಡಾ 20 ಅಲ್ಯೂಮಿನಾ ಇರುವ ಜೇಡಿ ಎಂದುಕೊಂಡರೆ, ಉದ್ದದ ಅನುಪಾತದಲ್ಲಿ ಇಡೀ ರನ್‌ನ ಅಲ್ಯೂಮಿನಾ ಶೇಕಡಾ 9.2 ಆಗುತ್ತದೆ. ಈ ರೀತಿ ಹಾಕಿದಾಗ ಆಕೆಯ ಅಂದಾಜು ಉತ್ಪಾದನೆಯ ಅಂಕಿಯನ್ನೂ ಮೀರಿ ಮೇಲೆ ಹೋಯಿತು.

ಗಣಿಯ ಭೂವಿಜ್ಞಾನಿ ಒಂದೇ ಪ್ರಶ್ನೆ ಕೇಳಿದರು: ಜೇಡಿಯ ಸಾಂದ್ರತೆ ಎಷ್ಟು ಹಿಡಿದಿರಿ? ಅದಿರು ಜೇಡಿಗಿಂತ ಬಹಳ ಭಾರ. ಅದಿರಿಗೆ ಘನ ಸೆಂಟಿಮೀಟರಿಗೆ 4 ಗ್ರಾಂ, ಜೇಡಿಗೆ 2 ಗ್ರಾಂ ಎಂದು ಹಿಡಿದು ತೂಕದ ಮೇಲೆ ಲೆಕ್ಕ ಹಾಕಿದರೆ ಅದೇ ಉದಾಹರಣೆಯಲ್ಲಿ ಉತ್ತರ 9.2 ಅಲ್ಲ, 6.5. ತರಗತಿಯಲ್ಲಿ ತೂಕದ ಸರಾಸರಿಯನ್ನು ಪಾಠ ಮಾಡಿರುತ್ತೇವೆ, ವಿದ್ಯಾರ್ಥಿಗಳು ಅಂಕವನ್ನೂ ಗಳಿಸಿರುತ್ತಾರೆ. ಆದರೆ ಲಾರಿಯಲ್ಲಿ ಹೋಗುವುದು ಉದ್ದವಲ್ಲ, ಟನ್ನು ಎಂಬ ಅರಿವು ಗಟ್ಟಿಯಾಗುವುದು ಗಣಿಯಲ್ಲಿ. ತಿದ್ದಿದ ಲೆಕ್ಕ ಉತ್ಪಾದನೆಯ ಅಂಕಿಯ ಹತ್ತಿರ ಬಂತು, ಆದರೂ ಪೂರ್ತಿ ಕೂಡಲಿಲ್ಲ. ಬ್ಲಾಸ್ಟ್ ಹೋಲ್ ಮಾದರಿಗಳಲ್ಲೂ ಅಲ್ಯೂಮಿನಾ ಕೋರಿಗಿಂತ ಹೆಚ್ಚಿತ್ತು, ಉತ್ಪಾದನೆಯ ಅದಿರಿಗಿಂತ ತುಸು ಕಡಿಮೆ ಇತ್ತು. ಹಾಗಾಗಿ ವ್ಯತ್ಯಾಸದ ದೊಡ್ಡ ಪಾಲು ಕಳೆದುಹೋದ ಕೋರಿನದು, ಸಣ್ಣ ಪಾಲು ತುಂಬುವಾಗಿನ ಬೆರಕೆಯದು ಎಂಬ ತೀರ್ಮಾನಕ್ಕೆ ಬಂದಳು. ಬ್ಲಾಸ್ಟ್ ಹೋಲ್ ಪುಡಿಯ ನುಣುಪು ಭಾಗ ಗಾಳಿಗೆ ಹಾರಿಹೋಗುತ್ತದೆ, ಕೆಳಗಿನ ಬೆಂಚಿನ ಪುಡಿ ಸ್ವಲ್ಪ ಸೇರಿಕೊಳ್ಳುತ್ತದೆ ಎಂಬ ಮಿತಿಗಳನ್ನು ವರದಿಯಲ್ಲಿ ತಾನಾಗಿಯೇ ಬರೆದಳು. ಕೆಲವೇ ಮುಖಗಳ, ಒಂದೇ ಪಿಟ್‌ನ ದತ್ತಾಂಶ ಇದು ಎಂಬುದನ್ನೂ ಮುಚ್ಚಿಡಲಿಲ್ಲ.

ದತ್ತಾಂಶ ಯಾರದು?

ಕೊನೆಯ ವಾರ ಅನಿರೀಕ್ಷಿತ ತೊಡಕು ಬಂತು. ವಿಶ್ಲೇಷಣೆಯ ಅಂಕಿಗಳು ಮತ್ತು ಕೊರೆತದ ಸ್ಥಾನಗಳು ಪ್ರಬಂಧದಲ್ಲಿ ಅಚ್ಚಾಗುವುದನ್ನು ಗಣಿಯ ಆಡಳಿತ ಒಪ್ಪಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಅವರ ಆತಂಕ ಸಹಜ. ವಿದ್ಯಾರ್ಥಿನಿಗೆ ಆ ಅಂಕಿಗಳಿಲ್ಲದೆ ಪ್ರಬಂಧವಿಲ್ಲ. ಸಲ್ಲಿಕೆಗೆ ತಿಂಗಳೂ ಉಳಿದಿರಲಿಲ್ಲ. ವಿಷಯವನ್ನೇ ಬದಲಿಸಿ ಸಂಡೂರು ಪಟ್ಟಿಯ ಸಾಮಾನ್ಯ ಭೂವಿಜ್ಞಾನದ ಬಗ್ಗೆ ಬರೆದುಬಿಡಲಿ ಎಂಬ ಸಲಹೆ ವಿಭಾಗದಲ್ಲಿಯೇ ಕೇಳಿಬಂತು. ಅದನ್ನು ನಾನು ವಿರೋಧಿಸಿದೆ. ಗ್ರಂಥಾಲಯದಲ್ಲಿ ಕೂತು ಬರೆಯಬಹುದಾದ ಪ್ರಬಂಧಕ್ಕೆ ಎಂಟು ವಾರ ಧೂಳು ಕುಡಿಯುವ ಅಗತ್ಯವಿರಲಿಲ್ಲ.

ಎರಡು ಸುತ್ತಿನ ಮಾತುಕತೆಯ ನಂತರ ಒಂದು ಒಪ್ಪಂದ ಆಯಿತು. ಕೊರೆತಗಳಿಗೆ ಅಕ್ಷರದ ಗುರುತು ಕೊಟ್ಟು ಸ್ಥಾನಗಳನ್ನು ಬಿಡುವುದು. ಅಲ್ಯೂಮಿನಾವನ್ನು ನೇರ ಶೇಕಡಾವಾರಿನಲ್ಲಿ ತೋರಿಸದೆ, ಅಂದಾಜಿಗೆ ಹೋಲಿಸಿದರೆ ಎಷ್ಟು ಪಟ್ಟು ಎಂಬ ಅನುಪಾತದಲ್ಲಿ ತೋರಿಸುವುದು. ಮೂಲ ಅಂಕಿಗಳನ್ನು ಪರೀಕ್ಷಕರು ಮೌಖಿಕ ಪರೀಕ್ಷೆಯ ದಿನ ನೋಡಿ ಹಿಂದಿರುಗಿಸುವುದು. ವಾದಕ್ಕೆ ಬೇಕಾದ್ದು ವ್ಯತ್ಯಾಸವೇ ಹೊರತು ಮೂಲ ಅಂಕಿಯಲ್ಲವಾದ್ದರಿಂದ ಪ್ರಬಂಧದ ಬಲ ಕುಗ್ಗಲಿಲ್ಲ. ಈ ಮಾತುಕತೆ ಮೊದಲ ದಿನವೇ ಆಗಬೇಕಿದ್ದ ಕೆಲಸ. ಗಣಿಯಾಗಲಿ, ಕೊಳವೆಬಾವಿ ಸಮೀಕ್ಷೆಯಾಗಲಿ, ಗ್ರಾನೈಟ್ ಕ್ವಾರಿಯಾಗಲಿ, ದತ್ತಾಂಶದ ಒಪ್ಪಂದವನ್ನು ಬರಹದಲ್ಲಿ ಮಾಡಿಕೊಂಡೇ ಕೆಲಸ ಶುರುಮಾಡಬೇಕು ಎಂದು ಈ ಪ್ರಕರಣ ಓದುವ ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇನೆ.

ಫಲಿತಾಂಶ ಮತ್ತು ಅದರಿಂದ ತಿಳಿದುದು

ಗಣಿಯವರು ತಮ್ಮ ಅದಿರಿನ ಒಟ್ಟು ಅಂದಾಜನ್ನು ಬದಲಿಸಲಿಲ್ಲ. ಒಂದು ವಿದ್ಯಾರ್ಥಿ ವರದಿಯ ಮೇಲೆ ಹಾಗೆ ಮಾಡುವುದು ಸರಿಯೂ ಅಲ್ಲ. ಆದರೆ ಲಾಗ್ ಹಾಳೆಗೆ ಎರಡು ಕಾಲಂ ಸೇರಿದವು: ಮರಳಿ ಬರುವ ನೀರಿನ ಬಣ್ಣ, ಕಳೆದ ಭಾಗ ಏನಿರಬಹುದೆಂಬ ಟಿಪ್ಪಣಿ. ಮೆತ್ತನೆಯ ವಲಯ ಬಂದಾಗ ರನ್ ಉದ್ದವನ್ನು ಮೊಟಕುಗೊಳಿಸಲು, ಸಾಧ್ಯವಾದಲ್ಲಿ ನೀರಿಲ್ಲದೆ ಕೊರೆಯಲು ಗುತ್ತಿಗೆದಾರರಿಗೆ ಸೂಚಿಸಿದರು. ಇದರಿಂದ ಕೊರೆತ ನಿಧಾನವಾಗುತ್ತದೆ, ಖರ್ಚು ಏರುತ್ತದೆ, ಆದ್ದರಿಂದ ಸೂಚನೆ ಎಲ್ಲ ರಿಗ್‌ಗಳಲ್ಲೂ ಒಂದೇ ರೀತಿ ಪಾಲನೆಯಾಗುತ್ತಿಲ್ಲ.

ವಿದ್ಯಾರ್ಥಿನಿಗೆ ಆ ಗಣಿಯಲ್ಲಿ ಕೆಲಸ ಸಿಗಲಿಲ್ಲ, ಹುದ್ದೆ ಖಾಲಿ ಇರಲಿಲ್ಲ. ಇದನ್ನು ಸೋಲೆಂದು ನಾನು ಎಣಿಸುವುದಿಲ್ಲ. ತರಬೇತಿಯನ್ನು ಕೆಲಸದ ಭರವಸೆಯಾಗಿ ವಿದ್ಯಾರ್ಥಿಗಳ ಮುಂದಿಡುವುದು ಅವರಿಗೆ ಮಾಡುವ ಅನ್ಯಾಯ. ಆಕೆ ಈಗ ಕೊರೆತದ ಗುತ್ತಿಗೆ ಸಂಸ್ಥೆಯೊಂದರಲ್ಲಿ ಕೋರ್ ಲಾಗಿಂಗ್ ಮಾಡುತ್ತಾ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ಕೇಂದ್ರ ಅಂತರ್ಜಲ ಮಂಡಳಿಯ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಗೆ ಓದುತ್ತಿದ್ದಾಳೆ. ಆ ಸಂಸ್ಥೆಯ ಸಂದರ್ಶನದಲ್ಲಿ ಆಕೆಯನ್ನು ಹೆಚ್ಚು ಕೇಳಿದ್ದು ಬಾರದ ಕೋರಿನ ಬಗ್ಗೆಯೇ.

ಈ ಪ್ರಕರಣದಲ್ಲಿ ಕಚೇರಿಯ ಗೋಡೆ ದಾಟಿಸಿದ್ದು ಶಿಫಾರಸು ಪತ್ರವಲ್ಲ, ಗಣಿಗೂ ಬೇಕಿದ್ದ ಒಂದು ಪ್ರಶ್ನೆ. ಹಾಗೆಂದು ಪ್ರಶ್ನೆ ಹುಡುಕುವ ಹೊರೆಯನ್ನೆಲ್ಲ ವಿದ್ಯಾರ್ಥಿಯ ಹೆಗಲಿಗೆ ಹಾಕಿ ಕೂರಲಾಗದು. ಆಕೆಗೆ ಲಾಗ್ ಪುಸ್ತಕ ಓದಲು ಬರುತ್ತಿತ್ತು, ಏಕೆಂದರೆ ಎರಡನೆಯ ಸೆಮಿಸ್ಟರಿನಲ್ಲಿ ಪ್ರಾಯೋಗಿಕ ತರಗತಿಯಲ್ಲಿ ನಿಜವಾದ ಕೋರ್ ಪೆಟ್ಟಿಗೆಯ ಮುಂದೆ ಕೂತಿದ್ದಳು. ಆ ತರಗತಿ ಇಲ್ಲದ ಕಾಲೇಜಿನಿಂದ ಬಂದವರಿಗೆ ಅದೇ ಬೀರುವಿನ ಅದೇ ಪುಸ್ತಕದಲ್ಲಿ ಪ್ರಶ್ನೆ ಕಾಣುವುದು ಕಷ್ಟ. ರಿಗ್‌ನ ಹಿರಿಯರ ಮಾತನ್ನು ದಾಖಲೆಯಾಗಿ ಬರೆದುಕೊಳ್ಳುವ ಅಭ್ಯಾಸವನ್ನಂತೂ ನಾವು ಕಲಿಸಿರಲಿಲ್ಲ, ಅದು ಆಕೆಯದೇ. ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಪ್ರಾಧ್ಯಾಪಕರ ಹೆಸರಿಗಿಂತ ಮೇಲಿದೆ.

ನಂತರದ ತಂಡದಿಂದ ವಿಭಾಗದ ಪತ್ರದ ನಮೂನೆ ಬದಲಾಗಿದೆ. ಕೆಲಸದ ವಿವರ, ಪಿಟ್‌ಗೆ ಕರೆದೊಯ್ಯುವ ವ್ಯಕ್ತಿ ಯಾರು, ದತ್ತಾಂಶದ ಬಳಕೆ, ವಸತಿ ಎಂಬ ನಾಲ್ಕು ಅಂಶಗಳು ತುಂಬಿ ಬಾರದೆ ವಿದ್ಯಾರ್ಥಿಯನ್ನು ಕಳಿಸುವುದಿಲ್ಲ. ಇದರಿಂದ ಕೆಲವು ಸಂಸ್ಥೆಗಳು ಹಿಂದೆ ಸರಿದಿವೆ, ಸ್ಥಾನಗಳು ಕಡಿಮೆಯಾಗಿವೆ. ಅದೇ ಗಣಿ ಮಾತ್ರ ಈ ಸಲ ತಾನಾಗಿಯೇ ಪತ್ರ ಬರೆದು, ಜೇಡಿ ಮತ್ತು ಬ್ಲೂ ಡಸ್ಟ್ ಎರಡರ ಸಾಂದ್ರತೆಯನ್ನು ಪಿಟ್‌ನಲ್ಲೇ ಅಳೆಯಲು ಒಬ್ಬ ವಿದ್ಯಾರ್ಥಿಯನ್ನು ಕೇಳಿದೆ. ವಸತಿಯ ಅಂಕಣವನ್ನು ಅವರು ಇನ್ನೂ ಖಾಲಿ ಬಿಟ್ಟಿದ್ದಾರೆ, ಆ ಬಗ್ಗೆ ಮಾತುಕತೆ ನಡೆದಿದೆ.